ಡಾಕ್ಸೋರುಬಿಸಿನ್ ಡಿಎನ್ಎ ಕಡಿಯುತ್ತದೆ ಸರಿ, ಹಿಸ್ಟೋನ್‌ಗಳಿಗೆ ಏನು ಮಾಡುತ್ತದೆ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ನಾನು ಬಯೋಕೆಮಿಸ್ಟ್ರಿ ಎಂಎಸ್ಸಿ ಓದುತ್ತಿದ್ದೇನೆ. ಪ್ರಾಜೆಕ್ಟ್‌ಗೆ ಡಾಕ್ಸೋರುಬಿಸಿನ್ ಮತ್ತು ಎಟೊಪೊಸೈಡ್ ಎಂಬ ಕೀಮೋ ಔಷಧ ಎರಡನ್ನೂ ಗಡ್ಡೆಯ ಜೀವಕೋಶಗಳಿಗೆ ಹಾಕಿ ಹೋಲಿಸುತ್ತಿದ್ದೇನೆ. ಪುಸ್ತಕದಲ್ಲಿ ಎರಡಕ್ಕೂ ಒಂದೇ ವಿವರಣೆ ಇದೆ. ಡಿಎನ್ಎಯ ಸಿಕ್ಕು ಬಿಡಿಸುವ ಟೋಪೋಐಸೋಮರೇಸ್ 2 ಎಂಬ ಕಿಣ್ವವನ್ನು ಕೆಲಸದ ಮಧ್ಯದಲ್ಲಿ ಹಿಡಿದು ನಿಲ್ಲಿಸುತ್ತವೆ, ಡಿಎನ್ಎಯ ಎರಡೂ ಎಳೆ ತುಂಡಾಗುತ್ತವೆ, ಜೀವಕೋಶ ಸಾಯುತ್ತದೆ.

ಹಾಗಿದ್ದರೆ ಎರಡೂ ಒಂದೇ ಥರ ವರ್ತಿಸಬೇಕಲ್ವಾ? ಡಾಕ್ಸೋರುಬಿಸಿನ್ ಹೃದಯಕ್ಕೆ ಕೆಟ್ಟದ್ದು ಅಂತಾರೆ, ಎಟೊಪೊಸೈಡ್ ಬಗ್ಗೆ ಆ ಮಾತಿಲ್ಲ. ಸ್ತನ ಕ್ಯಾನ್ಸರ್‌ಗೆ ಮೊದಲಿನಿಂದಲೂ ಡಾಕ್ಸೋ ಕೊಡುತ್ತಾರೆ, ಎಟೊಪೊಸೈಡ್ ಅಲ್ಲ. ಇನ್ನೊಂದು ವಿಚಿತ್ರ ನನ್ನ ಪ್ಲೇಟಿನಲ್ಲೇ ಕಾಣುತ್ತಿದೆ. ಡಾಕ್ಸೋ ಡೋಸ್ ಏರಿಸುತ್ತಾ ಹೋದರೆ ಡಿಎನ್ಎ ಹಾನಿ ತೋರಿಸುವ ಗಾಮಾ ಎಚ್2ಎಎಕ್ಸ್ ಸಂಕೇತ ಮೊದಲು ಏರುತ್ತದೆ, ಆಮೇಲೆ ಇಳಿಯುತ್ತದೆ. ಎಟೊಪೊಸೈಡ್‌ನಲ್ಲಿ ಹಾಗಿಲ್ಲ, ಏರುತ್ತಲೇ ಹೋಗುತ್ತದೆ. ಗೈಡ್ ನೋಡಿ, ಕ್ರೊಮ್ಯಾಟಿನ್ ಕಡೆ ಸ್ವಲ್ಪ ಓದು ಅಂದರು, ಅಷ್ಟೆ. ಎಲ್ಲಿಂದ ಶುರು ಮಾಡಲಿ?

ಲ್ಯಾಬ್ ಬೆಂಚ್

ಒಳ್ಳೆ ಪ್ರಶ್ನೆ. ನಿಮ್ಮ ಗೈಡ್ ಸರಿಯಾದ ದಾರಿಗೇ ಬಿಟ್ಟಿದ್ದಾರೆ.

ಮೊದಲು ಒಂದು ಚಿತ್ರ ತಲೆಯಲ್ಲಿ ಇಟ್ಟುಕೊಳ್ಳಿ. ಒಂದು ಜೀವಕೋಶದ ಡಿಎನ್ಎ ಬಿಚ್ಚಿದರೆ ಸುಮಾರು 2 ಮೀಟರ್. ಅದು ಕೂರಬೇಕಾದ ನ್ಯೂಕ್ಲಿಯಸ್ಸಿನ ಅಗಲ ಕೆಲವೇ ಮೈಕ್ರೋಮೀಟರ್. ಹಾಗಾಗಿ ಅದು ಎಲ್ಲೂ ಬರಿಮೈಯಲ್ಲಿ ಇರುವುದಿಲ್ಲ. ಎಚ್2ಎ, ಎಚ್2ಬಿ, ಎಚ್3, ಎಚ್4 ಎಂಬ ಹಿಸ್ಟೋನ್ ಪ್ರೋಟೀನುಗಳು ಎರಡೆರಡು ಸೇರಿ ಎಂಟರ ಗುಂಪಾಗುತ್ತವೆ. ಮಗ್ಗದವರು ಕಂಡಿಕೆಗೆ ನೂಲು ಸುತ್ತುವ ಹಾಗೆ ಆ ಗುಂಪಿನ ಸುತ್ತ 147 ಬೇಸ್ ಜೋಡಿಯಷ್ಟು ಡಿಎನ್ಎ ಸುತ್ತಿಕೊಳ್ಳುತ್ತದೆ. ಅದೇ ನ್ಯೂಕ್ಲಿಯೋಸೋಮ್. ಒಂದರಿಂದ ಇನ್ನೊಂದಕ್ಕೆ ಹೋಗುವ ಕೊಂಡಿಯ ಮೇಲೆ ಎಚ್1 ಕೂರುತ್ತದೆ. ಇವುಗಳ ಜೊತೆಗೆ ಎಚ್‌ಎಂಜಿ ಪ್ರೋಟೀನುಗಳು, ಟೋಪೋಐಸೋಮರೇಸ್‌ಗಳು, ಹಿಸ್ಟೋನ್ ಮೇಲೆ ಗುರುತು ಹಾಕುವ ಮತ್ತು ಅಳಿಸುವ ಕಿಣ್ವಗಳು. ಎಲ್ಲ ಸೇರಿದರೆ ಕ್ರೊಮ್ಯಾಟಿನ್.

ಕೀಮೋ ಔಷಧ ಒಳಗೆ ಹೋದಾಗ ಎದುರಾಗುವುದು ಈ ಇಡೀ ಸಂಸಾರ, ಪುಸ್ತಕದ ಚಿತ್ರದಲ್ಲಿರುವ ಒಂಟಿ ಡಬಲ್ ಹೆಲಿಕ್ಸ್ ಅಲ್ಲ. ನಮ್ಮ ಪಠ್ಯಗಳು ಈ ಮಾತನ್ನು ಎರಡು ಸಾಲಿನಲ್ಲಿ ಮುಗಿಸಿಬಿಡುತ್ತವೆ. ನನಗೆ ಅದರ ಮೇಲೆ ಸಿಟ್ಟಿದೆ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಡಾಕ್ಸೋರುಬಿಸಿನ್ ಅಣುವಿನಲ್ಲಿ ಚಪ್ಪಟೆ ಉಂಗುರಗಳ ಸಾಲು ಒಂದಿದೆ, ಪಕ್ಕದಲ್ಲಿ ಅಮೈನೋ ಸಕ್ಕರೆ ಒಂದಿದೆ. ಉಂಗುರಗಳು ಬೇಸ್ ಜೋಡಿಗಳ ನಡುವೆ ತೂರಿಕೊಳ್ಳುತ್ತವೆ. ಸಕ್ಕರೆ ಡಿಎನ್ಎಯ ಕಿರಿದಾದ ತೋಡಿನಲ್ಲಿ ಕೂರುತ್ತದೆ. ತೊಂದರೆ ಏನೆಂದರೆ ಹಿಸ್ಟೋನ್ ಎಚ್4ರ ಆರ್ಜಿನೈನ್ ಒಂದು ಡಿಎನ್ಎಯನ್ನು ಹಿಡಿದುಕೊಳ್ಳುವುದೂ ಅದೇ ತೋಡಿನಲ್ಲಿ. ಜಾಗಕ್ಕೆ ಜಗಳ ಆಗುತ್ತದೆ. ಹಿಸ್ಟೋನ್ ಕಿತ್ತು ಹೊರಗೆ ಬರುತ್ತದೆ.

ಇದನ್ನು 2013ರಲ್ಲಿ ಆಮ್ಸ್‌ಟರ್‌ಡ್ಯಾಮಿನ ನೆದರ್ಲೆಂಡ್ಸ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್‌ನ ಜಾಕ್ ನೀಫ್ಯಸ್ ಅವರ ಗುಂಪು ತೋರಿಸಿತು. ಪ್ರಯೋಗ ನೋಡಲು ಸೊಗಸಾಗಿದೆ. ಬೆಳಕು ಬಿಟ್ಟಾಗ ಮಾತ್ರ ಹೊಳೆಯುವ ಪ್ರೋಟೀನನ್ನು ಎಚ್2ಎಗೆ ಅಂಟಿಸಿದರು. ಜೀವಂತ ಕೋಶದ ನ್ಯೂಕ್ಲಿಯಸ್ಸಿನ ಒಂದು ಭಾಗಕ್ಕೆ ಮಾತ್ರ ಬೆಳಕು ಬಿಟ್ಟರು. ಆಮೇಲೆ ಔಷಧ ಹಾಕಿ ಆ ಹೊಳಪು ಎಲ್ಲಿಗೆ ಹೋಗುತ್ತದೆ ಅಂತ ನೋಡಿದರು. ಡಾಕ್ಸೋ ಹಾಕಿದಾಗ ಹೊಳೆಯುವ ಹಿಸ್ಟೋನ್‌ಗಳು ಜಾಗ ಬಿಟ್ಟು ಹೊರಟವು. ಎಟೊಪೊಸೈಡ್ ಹಾಕಿದಾಗ ಅಲ್ಲಾಡಲಿಲ್ಲ. ಡಿಎನ್ಎ ಮಾತ್ರ ಎರಡರಲ್ಲೂ ತುಂಡಾಗಿತ್ತು.

ಅಲ್ಲಿಗೇ ನಿಲ್ಲಲಿಲ್ಲ. ಅಕ್ಲಾರುಬಿಸಿನ್ ಅಂತ ಡಾಕ್ಸೋ ಕುಟುಂಬದ್ದೇ ಇನ್ನೊಂದು ಔಷಧ ಇದೆ. ಅದು ಹಿಸ್ಟೋನ್ ಕಿತ್ತುಹಾಕುತ್ತದೆ, ಆದರೆ ಡಿಎನ್ಎಯನ್ನು ಆ ರೀತಿ ತುಂಡು ಮಾಡುವುದಿಲ್ಲ. ಹೀಗೆ ಮೂರು ಔಷಧ, ಮೂರು ಬಗೆ. ಎಟೊಪೊಸೈಡ್ ಕಡಿಯುತ್ತದೆ, ಕೀಳುವುದಿಲ್ಲ. ಅಕ್ಲಾರುಬಿಸಿನ್ ಕೀಳುತ್ತದೆ, ಕಡಿಯುವುದಿಲ್ಲ. ಡಾಕ್ಸೋ ಎರಡನ್ನೂ ಮಾಡುತ್ತದೆ. ಕಡಿಯದ ಔಷಧವೂ ಲ್ಯುಕೇಮಿಯಾ ಕೋಶಗಳನ್ನು ಕೊಲ್ಲುತ್ತದೆ ಅಂದರೆ ಹಿಸ್ಟೋನ್ ಕೀಳುವುದೇ ಒಂದು ಸ್ವತಂತ್ರ ಪೆಟ್ಟು ಅಂತ ಆಯಿತು.

ತುಂಗಾತೀರ

ಅಬ್ಬಾ! ಹಾಗಿದ್ರೆ ನನ್ನ ಗಾಮಾ ಎಚ್2ಎಎಕ್ಸ್ ಇಳಿಯುವುದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಲ್ಯಾಬ್ ಬೆಂಚ್

ಇರುವ ಸಾಧ್ಯತೆ ಜಾಸ್ತಿ. ಎಚ್2ಎಎಕ್ಸ್ ಅಂದರೆ ಎಚ್2ಎಯ ಒಂದು ರೂಪ. ಡಿಎನ್ಎ ತುಂಡಾದ ಕೂಡಲೇ ಅದರ 139ನೇ ಸೆರೀನ್ ಮೇಲೆ ಫಾಸ್ಫೇಟ್ ಬೀಳುತ್ತದೆ, ಅದನ್ನೇ ಗಾಮಾ ಎಚ್2ಎಎಕ್ಸ್ ಅನ್ನುತ್ತೇವೆ. 1998ರಲ್ಲಿ ವಿಲಿಯಂ ಬಾನರ್ ಅವರ ಗುಂಪು ಇದನ್ನು ಗುರುತಿಸಿತು. ಅಲ್ಲಿಂದ ಇಲ್ಲಿಯವರೆಗೆ ಡಿಎನ್ಎ ಹಾನಿ ಅಳೆಯಲು ಎಲ್ಲರೂ ಇದನ್ನೇ ಹಿಡಿದಿದ್ದಾರೆ. ರಿಪೇರಿ ಪ್ರೋಟೀನುಗಳು ಬಂದು ಸೇರುವುದೂ ಈ ಗುರುತು ನೋಡಿಕೊಂಡೇ.

ಈಗ ಯೋಚಿಸಿ. ಡಾಕ್ಸೋ ಹಿಸ್ಟೋನ್ ಕೀಳುವಾಗ ಎಚ್2ಎಎಕ್ಸ್ ಕೂಡ ಕಿತ್ತು ಬರುತ್ತದೆ. ಡಿಎನ್ಎ ತುಂಡಾಗಿದೆ, ಆದರೆ ಕೂಗಿ ಹೇಳಬೇಕಾದ ಪ್ರೋಟೀನೇ ಅಲ್ಲಿಲ್ಲ. ಅದೇ 2013ರ ಕೆಲಸದಲ್ಲಿ ಇದನ್ನೂ ತೋರಿಸಿದ್ದರು. ಸಂಕೇತ ಕುಗ್ಗುತ್ತದೆ, ರಿಪೇರಿ ತಡವಾಗುತ್ತದೆ. ಗಡ್ಡೆ ಕೋಶಕ್ಕೆ ಡಾಕ್ಸೋ ಎಟೊಪೊಸೈಡ್‌ಗಿಂತ ಜಾಸ್ತಿ ಮಾರಕ ಆಗುವುದಕ್ಕೆ ಇದೂ ಒಂದು ಕಾರಣ ಇರಬಹುದು.

ಹಾಗಾಗಿ ಸಂಕೇತ ಇಳಿಯಿತು ಅಂದ ಮಾತ್ರಕ್ಕೆ ಹಾನಿ ಇಳಿಯಿತು ಅಂತ ಪ್ರಾಜೆಕ್ಟ್‌ನಲ್ಲಿ ಬರೆಯಬೇಡಿ.

ಕೆಮಿಸ್ಟ್ರಿ ಮೇಷ್ಟ್ರು

ಸ್ವಲ್ಪ ತಡೀರಿ. ನಾವು ಓದುವಾಗ ಡಾಕ್ಸೋರುಬಿಸಿನ್ ಅಂದರೆ ಫ್ರೀ ರಾಡಿಕಲ್. ಕ್ವಿನೋನ್ ಉಂಗುರ ಎಲೆಕ್ಟ್ರಾನ್ ತೆಗೆದುಕೊಂಡು ಆಮ್ಲಜನಕಕ್ಕೆ ಕೊಡುತ್ತದೆ, ಕಬ್ಬಿಣ ಸೇರಿದರೆ ಇನ್ನೂ ಕೆಟ್ಟದ್ದು. ಅದನ್ನೇ ಪರೀಕ್ಷೆಯಲ್ಲಿ ಬರೆದು ಪಾಸಾದೆವು. ಈಗ ಹಿಸ್ಟೋನ್ ಅಂತೀರಿ. ಒಂದೇ ಲ್ಯಾಬಿನ ಮಾತು ನಂಬಿ ಹಳೆಯದನ್ನೆಲ್ಲ ಬಿಸಾಡುವುದಾ? ತಟ್ಟೆಯಲ್ಲಿ ಗಂಟೆಗಟ್ಟಲೆ ಔಷಧದಲ್ಲಿ ಮುಳುಗಿಸಿಟ್ಟರೆ ಏನು ಬೇಕಾದರೂ ಕಿತ್ತು ಬರುತ್ತದೆ. ರೋಗಿಯ ರಕ್ತದಲ್ಲಿ ಆ ಗರಿಷ್ಠ ಮಟ್ಟ ಇರುವುದು ಸ್ವಲ್ಪ ಹೊತ್ತು.

ಲ್ಯಾಬ್ ಬೆಂಚ್

ಮೇಷ್ಟ್ರೇ, ಕೊನೆಯ ಮಾತು ಒಪ್ಪುತ್ತೇನೆ. ಡೋಸ್ ಮತ್ತು ಸಮಯ ನೋಡದೆ ಯಾವ ತಟ್ಟೆಯ ಫಲಿತಾಂಶವನ್ನೂ ನಂಬಬಾರದು. ರಕ್ತದಲ್ಲಿ ಇಳಿದರೂ ನ್ಯೂಕ್ಲಿಯಸ್ಸಿನಲ್ಲಿ ಈ ಔಷಧ ಶೇಖರವಾಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಒಂದೇ ಲ್ಯಾಬ್ ಅನ್ನುವುದು ಮಾತ್ರ ಸರಿಯಲ್ಲ. ಅದೇ 2013ರಲ್ಲಿ ಸಿಯಾಟಲ್‌ನ ಫ್ರೆಡ್ ಹಚಿನ್ಸನ್ ಕೇಂದ್ರದಲ್ಲಿ ಸ್ಟೀವನ್ ಹೆನಿಕಾಫ್ ಅವರ ಗುಂಪು ಬೇರೆ ವಿಧಾನದಲ್ಲಿ ನೋಡಿತು. ಹೊಸದಾಗಿ ಸೇರುವ ಹಿಸ್ಟೋನ್‌ಗಳನ್ನು ಗುರುತು ಹಾಕಿ, ಜೀನ್‌ಗಳ ಆರಂಭದ ಜಾಗದಲ್ಲಿ ನ್ಯೂಕ್ಲಿಯೋಸೋಮ್‌ಗಳು ಎಷ್ಟು ಬೇಗ ಬದಲಾಗುತ್ತವೆ ಅಂತ ಅಳೆದರು. ಡಾಕ್ಸೋ ಹಾಕಿದರೆ ಆ ಬದಲಾವಣೆ ಜೋರಾಯಿತು. ಅದಕ್ಕೂ ಮೊದಲು, 2005ರಲ್ಲೇ, ಆಂಥ್ರಾಸೈಕ್ಲಿನ್‌ಗಳು, ಅಂದರೆ ಡಾಕ್ಸೋ ಕುಟುಂಬದವು, ಕ್ರೊಮ್ಯಾಟಿನ್ ರಚನೆ ಬದಲಿಸುವ ಔಷಧಗಳು ಅಂತ ಇರಾನ್ ಮತ್ತು ಕೆನಡಾದ ಸಂಶೋಧಕರು ಸೇರಿ ವಿಮರ್ಶೆ ಬರೆದಿದ್ದರು. ಎಚ್1ರ ಜೊತೆ ಅದೇ ಕುಟುಂಬದ ಡೌನೋರುಬಿಸಿನ್ ಹೇಗೆ ವರ್ತಿಸುತ್ತದೆ ಎಂಬ ಪ್ರಯೋಗಗಳು ಇನ್ನೂ ಹಳೆಯವು. ಜನ ಗಮನ ಕೊಡಲಿಲ್ಲ, ಅಷ್ಟೆ.

ಫ್ರೀ ರಾಡಿಕಲ್ ಸುಳ್ಳು ಅಂತ ಯಾರೂ ಹೇಳುತ್ತಿಲ್ಲ. ಅದೊಂದರಿಂದಲೇ ಹೃದಯದ ತೊಂದರೆ ವಿವರಿಸಲು ಆಗಲಿಲ್ಲ. ಆ್ಯಂಟಿ ಆಕ್ಸಿಡೆಂಟ್ ಕೊಟ್ಟು ರೋಗಿಗಳ ಹೃದಯ ಉಳಿಸಲು ನೋಡಿದ್ದು ನಿರೀಕ್ಷೆಯಷ್ಟು ಫಲ ಕೊಡಲಿಲ್ಲ.

ನರ್ಸಕ್ಕ

ನಾನು ಡೇ ಕೇರ್ ಕೀಮೋ ವಾರ್ಡಿನಲ್ಲಿ ಕೆಲಸ ಮಾಡುವವಳು. ನೀವು ಹೇಳುವ ಡಾಕ್ಸೋವನ್ನು ನಾವು ಕೆಂಪು ಔಷಧ ಅಂತಲೇ ಕರೆಯುವುದು. ಮೂತ್ರ ಕೆಂಪಾದರೆ ಹೆದರಬೇಡಿ ಅಂತ ಪ್ರತಿಯೊಬ್ಬರಿಗೂ ಮೊದಲೇ ಹೇಳಿ ಕಳಿಸುತ್ತೇವೆ. ಫೈಲಿನ ಮೇಲೆ ಇದುವರೆಗಿನ ಒಟ್ಟು ಡೋಸ್ ಬರೆದಿರುತ್ತದೆ. ಚದರ ಮೀಟರಿಗೆ 450 ಮಿಲಿಗ್ರಾಂ ಹತ್ತಿರ ಬಂದರೆ ಡಾಕ್ಟರು ಹುಷಾರಾಗುತ್ತಾರೆ, 550 ದಾಟಿಸುವುದಿಲ್ಲ. ಮಧ್ಯೆ ಮಧ್ಯೆ ಎಕೋ ಮಾಡಿಸುತ್ತಾರೆ. ಎಷ್ಟೋ ಸಲ ಔಷಧ ಚೆನ್ನಾಗಿ ಕೆಲಸ ಮಾಡುತ್ತಿದ್ದರೂ ಹೃದಯಕ್ಕಾಗಿ ನಿಲ್ಲಿಸಬೇಕಾಗುತ್ತದೆ. ಹಿಸ್ಟೋನ್ ಕಥೆಯಲ್ಲಿ ಹೃದಯಕ್ಕೆ ಏನಾದರೂ ಉತ್ತರ ಇದೆಯಾ?

ಲ್ಯಾಬ್ ಬೆಂಚ್

ಇದೆ ಅಕ್ಕ. ಈ ಚರ್ಚೆಯ ತಿರುಳೇ ಅದು ಅಂತ ನನಗನಿಸುತ್ತದೆ.

ಟೋಪೋಐಸೋಮರೇಸ್ 2ರಲ್ಲಿ ಆಲ್ಫಾ, ಬೀಟಾ ಅಂತ ಎರಡಿವೆ. ವಿಭಜನೆ ಆಗುವ ಕೋಶಗಳಲ್ಲಿ ಆಲ್ಫಾ ಜಾಸ್ತಿ, ಗಡ್ಡೆಯಲ್ಲಿ ಡಾಕ್ಸೋ ಹಿಡಿಯುವುದು ಮುಖ್ಯವಾಗಿ ಅದನ್ನು. ದೊಡ್ಡವರ ಹೃದಯದ ಸ್ನಾಯುಕೋಶಗಳು ವಿಭಜನೆ ಆಗುವುದು ತೀರಾ ಅಪರೂಪ. ಅಲ್ಲಿರುವುದು ಬೀಟಾ. 2012ರಲ್ಲಿ ಅಮೆರಿಕದ ಎಂ ಡಿ ಆ್ಯಂಡರ್ಸನ್ ಕೇಂದ್ರದಲ್ಲಿ ಎಡ್ವರ್ಡ್ ಯೇ ಅವರ ಗುಂಪು ಇಲಿಗಳ ಹೃದಯದ ಸ್ನಾಯುಕೋಶದಿಂದ ಮಾತ್ರ ಬೀಟಾ ಜೀನನ್ನು ತೆಗೆದುಹಾಕಿತು. ಆ ಇಲಿಗಳಿಗೆ ಡಾಕ್ಸೋ ಕೊಟ್ಟರೆ ಹೃದಯ ಉಳಿಯಿತು. ಹೃದಯ ರಕ್ಷಣೆಗೆ ಕೊಡುವ ಡೆಕ್ಸ್‌ರಾಜಾಕ್ಸೇನ್ ಕಬ್ಬಿಣವನ್ನು ಹಿಡಿದಿಡುತ್ತದೆ ಎಂದಷ್ಟೇ ಹೇಳುತ್ತಿದ್ದರು. ಅದು ಟೋಪೋ 2ರ ಮೇಲೂ ಕೆಲಸ ಮಾಡುತ್ತದೆ ಎಂಬುದಕ್ಕೆ ಈಗ ತೂಕ ಜಾಸ್ತಿ ಬಂದಿದೆ.

ಹಾಗಿದ್ದರೆ ಎಟೊಪೊಸೈಡ್ ಕೂಡ ಬೀಟಾ ಹಿಡಿಯುತ್ತದಲ್ಲ, ಅದರಿಂದ ಹೃದಯ ಯಾಕೆ ಕೆಡುವುದಿಲ್ಲ? ಇಲ್ಲಿ ಹಿಸ್ಟೋನ್ ಬರುತ್ತದೆ. ನೀಫ್ಯಸ್ ಗುಂಪು ಆಮೇಲೆ ಲೈಡನ್‌ಗೆ ಹೋಯಿತು. 2020ರಲ್ಲಿ ಅವರು ಡಾಕ್ಸೋ ಅಣುವಿನ ಅಮೈನೋ ಸಕ್ಕರೆಯನ್ನು ಒಂದಿಷ್ಟು ಬದಲಿಸಿದರು. ಆ ಸಾರಜನಕದ ಮೇಲೆ ಎರಡು ಮೀಥೈಲ್ ಗುಂಪು ಕೂರಿಸಿದರು. ಹೊಸ ಅಣು ಹಿಸ್ಟೋನ್ ಕೀಳುತ್ತದೆ, ಆದರೆ ಡಿಎನ್ಎ ಕಡಿಯುವುದಿಲ್ಲ. ಗಡ್ಡೆ ಕೋಶಗಳನ್ನು ಕೊಲ್ಲುವ ಶಕ್ತಿ ಉಳಿಯಿತು. ಇಲಿಗಳ ಹೃದಯಕ್ಕೆ ಡಾಕ್ಸೋದಷ್ಟು ಹಾನಿ ಆಗಲಿಲ್ಲ.

ಅವರ ವಾದ ಇಷ್ಟು. ಕಡಿಯುವುದು ಒಂದೇ ಇದ್ದರೆ ಹೃದಯ ತಡೆದುಕೊಳ್ಳುತ್ತದೆ. ಕೀಳುವುದು ಒಂದೇ ಇದ್ದರೂ ತಡೆದುಕೊಳ್ಳುತ್ತದೆ. ಎರಡೂ ಒಟ್ಟಿಗೆ ಬಿದ್ದರೆ ತಡೆಯುವುದಿಲ್ಲ. ಡಾಕ್ಸೋ ಒಟ್ಟಿಗೆ ಮಾಡುವುದು ಅದನ್ನೇ.

ಮನುಷ್ಯರಲ್ಲಿ ಇದಕ್ಕೆ ಹತ್ತಿರದ ಅನುಭವ ಅಂದರೆ ಅಕ್ಲಾರುಬಿಸಿನ್. 1970ರ ದಶಕದಲ್ಲಿ ಜಪಾನಿನಲ್ಲಿ ಹುಟ್ಟಿದ ಔಷಧ. ಜಪಾನ್, ಚೀನಾಗಳಲ್ಲಿ ಅಕ್ಯೂಟ್ ಮೈಲಾಯ್ಡ್ ಲ್ಯುಕೇಮಿಯಾಗೆ ಕಡಿಮೆ ಡೋಸಿನ ಸೈಟರಾಬಿನ್ ಮತ್ತು ಬಿಳಿರಕ್ತಕಣ ಹೆಚ್ಚಿಸುವ ಜಿ-ಸಿಎಸ್‌ಎಫ್ ಜೊತೆ ಸೇರಿಸಿ ಕೊಡುತ್ತಾರೆ. ಹೃದಯದ ತೊಂದರೆ ಅದರಲ್ಲಿ ಕಡಿಮೆ ಅಂತ ಮೊದಲಿನಿಂದ ಹೇಳುತ್ತಾ ಬಂದಿದ್ದಾರೆ. ಕಾರಣ ಏನಿರಬಹುದು ಎಂಬುದು ಸ್ವಲ್ಪ ಸ್ಪಷ್ಟವಾದದ್ದು ಇಷ್ಟು ವರ್ಷಗಳ ನಂತರ!

ನರ್ಸಕ್ಕ

ಇಲಿಯ ಹೃದಯ ಉಳಿದದ್ದು ಸಂತೋಷ. ನಮ್ಮ ವಾರ್ಡಿಗೆ ಯಾವಾಗ ಬರುತ್ತದೋ ನೋಡೋಣ.

ಪುನರ್ಪುಳಿ

ಸೈಲೆಂಟಾಗಿ ಓದುತ್ತಿದ್ದೆ. ವಿಜ್ಞಾನದವನಲ್ಲ, ಮಂಗಳೂರು ಕಡೆಯವನು. ಮನೆಯಲ್ಲಿ ಒಬ್ಬರಿಗೆ ಚಿಕಿತ್ಸೆ ನಡೆಯುತ್ತಿದೆ. ನಮ್ಮ ಅರಿಶಿನ, ಪುನರ್ಪುಳಿ, ಗೇರುಬೀಜದ ಸಿಪ್ಪೆ ಎಣ್ಣೆ ಎಲ್ಲ ಇದೇ ಹಿಸ್ಟೋನ್ ಮೇಲೆ ಕೆಲಸ ಮಾಡುತ್ತದೆ, ಬೆಂಗಳೂರಿನಲ್ಲೇ ಕಂಡುಹಿಡಿದಿದ್ದಾರೆ ಅಂತ ವಾಟ್ಸ್ಆ್ಯಪ್‌ನಲ್ಲಿ ಬಂದಿತ್ತು. ನಿಜವೇ? ಕೀಮೋ ಜೊತೆಗೆ ಕೊಡಬಹುದಾ?

ಲ್ಯಾಬ್ ಬೆಂಚ್

ಅರ್ಧ ನಿಜ. ಆ ಅರ್ಧ ನಿಜಕ್ಕೂ ಹೆಮ್ಮೆಪಡುವಂಥದ್ದು.

ಬೆಂಗಳೂರಿನ ಜಕ್ಕೂರಿನಲ್ಲಿ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಇದೆ. ಅಲ್ಲಿ ತಪಸ್ ಕುಂಡು ಅವರ ಗುಂಪು ಹಿಸ್ಟೋನ್‌ಗಳಿಗೆ ಅಸಿಟೈಲ್ ಗುರುತು ಹಾಕುವ ಪಿ300 ಎಂಬ ಕಿಣ್ವದ ಬಗ್ಗೆ ಕೆಲಸ ಮಾಡಿತು. ಗೇರುಬೀಜದ ಸಿಪ್ಪೆ ಎಣ್ಣೆಯ ಅನಾಕಾರ್ಡಿಕ್ ಆಮ್ಲ ಅದನ್ನು ತಡೆಯುತ್ತದೆ ಅಂತ 2003ರಲ್ಲಿ ತೋರಿಸಿದರು. ನಿಮ್ಮ ಪುನರ್ಪುಳಿಯ ಗಾರ್ಸಿನಾಲ್ ಮತ್ತು ಅರಿಶಿನದ ಕರ್ಕ್ಯುಮಿನ್ ಕೂಡ ತಡೆಯುತ್ತವೆ ಅಂತ 2004ರಲ್ಲಿ. ಇವು ಕ್ರೊಮ್ಯಾಟಿನ್ ಸಂಶೋಧನೆಯಲ್ಲಿ ಹೆಸರು ಮಾಡಿದ ಕೆಲಸಗಳು.

ಈಗ ಉಳಿದರ್ಧ. ಇದೆಲ್ಲ ಪರೀಕ್ಷಾ ನಳಿಕೆಯಲ್ಲಿ, ತಟ್ಟೆಯ ಜೀವಕೋಶದಲ್ಲಿ ಕಂಡದ್ದು. ಬಾಯಿಂದ ತೆಗೆದುಕೊಂಡ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದೇ ಅತ್ಯಲ್ಪ. ಅಷ್ಟು ಮಟ್ಟದಲ್ಲಿ ಗಡ್ಡೆಯ ಹಿಸ್ಟೋನ್ ಮೇಲೆ ಏನಾದರೂ ಆಗುತ್ತದೆ ಅನ್ನಲು ಆಧಾರ ಇಲ್ಲ. ಜೊತೆಗೆ ಕರ್ಕ್ಯುಮಿನ್ ಅನೇಕ ಪ್ರಯೋಗಗಳಲ್ಲಿ ಸುಳ್ಳು ಫಲಿತಾಂಶ ತೋರಿಸುವ ಅಣು ಅಂತ ರಸಾಯನಶಾಸ್ತ್ರಜ್ಞರು ಎಚ್ಚರಿಸಿದ್ದಾರೆ. ಮೇಷ್ಟ್ರು ಇದಕ್ಕೆ ಸಾಕ್ಷಿ ಹೇಳಬಹುದು.

ಪುನರ್ಪುಳಿ ಸಾರು, ಅಡುಗೆಯ ಅರಿಶಿನ ಊಟದ ಮಾತು. ಕ್ಯಾಪ್ಸೂಲ್, ಸಾರತೆಗೆದ ಪುಡಿ ಬೇರೆ ಮಾತು. ಡಾಕ್ಟರನ್ನು ಕೇಳದೆ ಅದನ್ನು ಕೊಡಬೇಡಿ.

ನರ್ಸಕ್ಕ

ಇದಕ್ಕೆ ಒಂದು ಸೇರಿಸುತ್ತೇನೆ. ಕೊಡುತ್ತಿದ್ದರೆ ಮುಚ್ಚಿಡಬೇಡಿ. ಲಿವರ್ ರಿಪೋರ್ಟ್ ಏರುಪೇರಾದಾಗ ಕಾರಣ ಗೊತ್ತಾಗದೆ ಕೀಮೋ ಮುಂದಕ್ಕೆ ಹೋಗುತ್ತದೆ. ಆಮೇಲೆ ಚೀಲದಿಂದ ಪುಡಿ ಪೊಟ್ಟಣ ಹೊರಗೆ ಬರುತ್ತದೆ. ಬೈಯುವುದಿಲ್ಲ ಸ್ವಾಮಿ, ಹೇಳಿ ಅಷ್ಟೆ.

ಕೆಮಿಸ್ಟ್ರಿ ಮೇಷ್ಟ್ರು

ಕರ್ಕ್ಯುಮಿನ್ ಬಗ್ಗೆ ಸಾಕ್ಷಿ ಹೇಳುತ್ತೇನೆ. ಹಳದಿ ಬಣ್ಣ, ಸ್ವತಃ ಹೊಳೆಯುತ್ತದೆ, ನೀರಿನಲ್ಲಿ ಬೇಗ ಒಡೆಯುತ್ತದೆ, ಸಿಕ್ಕಿದ ಪ್ರೋಟೀನಿಗೆಲ್ಲ ಅಂಟುತ್ತದೆ. ಅದನ್ನಿಟ್ಟುಕೊಂಡು ಪ್ರಯೋಗ ಮಾಡುವವರಿಗೆ ತಾಳ್ಮೆ ಬೇಕು.

ಈಗ ನನ್ನ ಇಷ್ಟದ ಔಷಧಕ್ಕೆ ಬರುತ್ತೇನೆ, ಸಿಸ್‌ಪ್ಲಾಟಿನ್. ಹಿಸ್ಟೋನ್ ಅಲ್ಲದ ಕ್ರೊಮ್ಯಾಟಿನ್ ಪ್ರೋಟೀನ್ ಬಗ್ಗೆ ಇಲ್ಲಿ ಯಾರೂ ಮಾತಾಡಿಲ್ಲ.

1965ರಲ್ಲಿ ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಬಾರ್ನೆಟ್ ರೋಸೆನ್‌ಬರ್ಗ್ ಬ್ಯಾಕ್ಟೀರಿಯಾಗೆ ವಿದ್ಯುತ್ ಹರಿಸಿದರೆ ವಿಭಜನೆ ಏನಾಗುತ್ತದೆ ಅಂತ ನೋಡುತ್ತಿದ್ದರು. ಎಲೆಕ್ಟ್ರೋಡ್ ಪ್ಲಾಟಿನಂದು. ಅದು ಜಡ ಲೋಹ, ಏನೂ ಮಾಡುವುದಿಲ್ಲ ಅನ್ನುವ ಧೈರ್ಯ. ಇ ಕೋಲಿ ವಿಭಜನೆ ನಿಲ್ಲಿಸಿ ಉದ್ದಕ್ಕೆ ಬೆಳೆಯುತ್ತಾ ಹೋಯಿತು, ಮಾಮೂಲಿಗಿಂತ 300 ಪಟ್ಟಿನವರೆಗೆ. ಕರೆಂಟ್ ಅಲ್ಲ, ಎಲೆಕ್ಟ್ರೋಡಿನಿಂದ ಕರಗಿ ಬಂದ ಪ್ಲಾಟಿನಂ ಸಂಯುಕ್ತ ಇದಕ್ಕೆ ಕಾರಣ ಅಂತ ಹುಡುಕಿ ತೆಗೆದರು. 1978ಕ್ಕೆ ಅಮೆರಿಕದಲ್ಲಿ ವೃಷಣ ಮತ್ತು ಅಂಡಾಶಯದ ಕ್ಯಾನ್ಸರ್‌ಗೆ ಒಪ್ಪಿಗೆ ಸಿಕ್ಕಿತು.

ಸಿಸ್‌ಪ್ಲಾಟಿನ್ ಅಕ್ಕಪಕ್ಕದ ಎರಡು ಗ್ವಾನಿನ್‌ಗಳ ಏಳನೇ ಸಾರಜನಕಕ್ಕೆ ಗಂಟು ಹಾಕುತ್ತದೆ. ಡಿಎನ್ಎ ಅಲ್ಲಿ ಬಾಗುತ್ತದೆ. ಬಾಗಿದ ಡಿಎನ್ಎ ಕಂಡರೆ ಬಂದು ಕೂರುವ ಪ್ರೋಟೀನ್ ಒಂದಿದೆ, ಎಚ್‌ಎಂಜಿಬಿ1. 1992ರಲ್ಲಿ ಎಂಐಟಿಯ ಸ್ಟೀಫನ್ ಲಿಪರ್ಡ್ ಅವರ ಲ್ಯಾಬ್ ಇವೆರಡರ ಗೆಳೆತನ ತೋರಿಸಿತು. 1999ರ ಸ್ಫಟಿಕ ರಚನೆಯಲ್ಲಿ ಆ ಪ್ರೋಟೀನಿನ 37ನೇ ಫೀನೈಲ್ಅಲನೀನ್ ಬಾಗಿದ ಸಂದಿಗೆ ತೂರಿ ಕೂತಿದ್ದು ಕಾಣಿಸಿತು. ನೋಡಿದರೆ ಬಿಡಿಸಿ ಬರಲಾಗದಂತೆ ಅಚ್ಚುಕಟ್ಟು. ಅದು ಅಲ್ಲಿ ಕೂತರೆ ರಿಪೇರಿ ಕಿಣ್ವಗಳಿಗೆ ಗಂಟು ಕಾಣುವುದಿಲ್ಲ, ಕೋಶ ಸಾಯುತ್ತದೆ ಎಂಬುದು ಊಹೆ. ವೃಷಣದಲ್ಲಿ ಇದೇ ಕುಟುಂಬದ ವಿಶೇಷ ಪ್ರೋಟೀನ್ ಇದೆ, ಅದಕ್ಕೇ ವೃಷಣದ ಕ್ಯಾನ್ಸರ್ ಈ ಔಷಧಕ್ಕೆ ಅಷ್ಟು ಚೆನ್ನಾಗಿ ಬಗ್ಗುತ್ತದೆ ಅಂತಲೂ ಹೇಳಿದರು.

ಲ್ಯಾಬ್ ಬೆಂಚ್

ಮೇಷ್ಟ್ರೇ, ಚೆನ್ನಾಗಿ ಹೇಳಿದಿರಿ. ಈಗ ನಿಮ್ಮ ಪ್ರಶ್ನೆಯನ್ನೇ ನಿಮಗೆ ತಿರುಗಿಸುತ್ತೇನೆ. ಜೀವಂತ ಕೋಶದಲ್ಲಿ ಹಾಗೇ ನಡೆಯುತ್ತದಾ? ಎಚ್‌ಎಂಜಿಬಿ1 ಇಲ್ಲದ ಇಲಿ ಕೋಶಗಳಲ್ಲಿ ನೋಡಿದರು, ಬೇರೆ ಬೇರೆ ಕೋಶಗಳಲ್ಲೂ ನೋಡಿದರು. ಒಂದೇ ಥರದ ಉತ್ತರ ಬರಲಿಲ್ಲ. ಕೆಲವು ಕಡೆ ಆ ಪ್ರೋಟೀನ್ ಹೋದರೆ ಔಷಧದ ಪರಿಣಾಮ ಬದಲಾಯಿತು, ಕೆಲವು ಕಡೆ ಏನೂ ಆಗಲಿಲ್ಲ. ರಚನೆ ಅಂದವಾಗಿದೆ ಅಂತ ಕಥೆ ನಿಜ ಆಗಬೇಕಿಲ್ಲ.

ಆ ಪ್ರೋಟೀನಿಗೆ ಇನ್ನೊಂದು ಮುಖ ಇದೆ, ಅದಕ್ಕೆ ಆಧಾರ ಇನ್ನೂ ಗಟ್ಟಿ ಅಂತ ನನ್ನ ಅಭಿಪ್ರಾಯ. ಕೀಮೋದಿಂದ ಸಾಯುವ ಕೋಶ ಎಚ್‌ಎಂಜಿಬಿ1 ಅನ್ನು ಹೊರಗೆ ಬಿಡುತ್ತದೆ. ಒಳಗಿದ್ದಾಗ ಕ್ರೊಮ್ಯಾಟಿನ್ ಪ್ರೋಟೀನ್ ಆಗಿದ್ದದ್ದು ಹೊರಗೆ ಬಂದಾಗ ರೋಗನಿರೋಧಕ ಕೋಶಗಳಿಗೆ ಅಪಾಯದ ಕರೆ. ಫ್ರಾನ್ಸಿನಲ್ಲಿ ಲಾರೆನ್ಸ್ ಜಿಟ್ವೋಗೆಲ್ ಮತ್ತು ಗಿಡೋ ಕ್ರೋಮರ್ ಅವರ ಗುಂಪು 2007ರಲ್ಲಿ ಇದನ್ನು ತೋರಿಸಿತು. ಟಿಎಲ್ಆರ್4 ಎಂಬ ರಿಸೆಪ್ಟರ್ ಆ ಕರೆ ಕೇಳಿಸಿಕೊಳ್ಳುತ್ತದೆ. ಔಷಧ ಅಷ್ಟನ್ನು ಕೊಂದರೆ ಉಳಿದದ್ದನ್ನು ದೇಹವೇ ಹುಡುಕಿ ಕೊಲ್ಲುವ ಸಾಧ್ಯತೆ ಅಲ್ಲಿಂದ ಶುರು.

ಪುನರ್ಪುಳಿ

ಹಾಗಾದರೆ ಟಾಟಾ ಆಸ್ಪತ್ರೆಯ 100 ರೂಪಾಯಿ ಮಾತ್ರೆ? ಸತ್ತ ಕ್ಯಾನ್ಸರ್ ಕೋಶದಿಂದ ಕ್ರೊಮ್ಯಾಟಿನ್ ಹೊರಗೆ ಬಂದು ಒಳ್ಳೆ ಕೋಶ ಹಾಳು ಮಾಡುತ್ತದೆ ಅಂತ ಟೀವಿಯಲ್ಲಿ ತೋರಿಸಿದ್ದರು. ಇದೇ ಅಲ್ವಾ?

ಲ್ಯಾಬ್ ಬೆಂಚ್

ಅದು ಬೇರೆ, ಆದರೆ ನೆರೆಮನೆಯದ್ದು. ಮುಂಬೈನ ಟಾಟಾ ಸ್ಮಾರಕ ಕೇಂದ್ರದ ಇಂದ್ರನೀಲ್ ಮಿತ್ರ ಬಹಳ ವರ್ಷಗಳಿಂದ ಒಂದು ವಾದ ಮುಂದಿಟ್ಟಿದ್ದಾರೆ. ಸಾಯುವ ಕೋಶ ಬಿಡುವ ಕ್ರೊಮ್ಯಾಟಿನ್ ಚೂರುಗಳು ಪಕ್ಕದ ಆರೋಗ್ಯವಂತ ಕೋಶದ ಒಳಗೆ ಹೋಗಿ ಡಿಎನ್ಎಗೆ ಹಾನಿ ಮಾಡುತ್ತವೆ, ಕೀಮೋದ ಅಡ್ಡಪರಿಣಾಮದಲ್ಲಿ ಇವುಗಳ ಪಾಲು ದೊಡ್ಡದು ಅಂತ. ರೆಸ್ವೆರಾಟ್ರಾಲ್ ಮತ್ತು ತಾಮ್ರ ಸೇರಿದರೆ ಹುಟ್ಟುವ ಆಮ್ಲಜನಕದ ರಾಡಿಕಲ್‌ಗಳು ಆ ಚೂರುಗಳನ್ನು ನಾಶ ಮಾಡುತ್ತವೆ ಅನ್ನುವುದು ಮುಂದಿನ ಹೆಜ್ಜೆ. 2024ರ ಫೆಬ್ರವರಿಯಲ್ಲಿ ಸುದ್ದಿಯಾದ ಮಾತ್ರೆ ಅದೇ.

ಆಲೋಚನೆ ಕುತೂಹಲದ್ದು. ಇಲಿಗಳಲ್ಲಿ ಕೆಲಸ ಆಗಿದೆ, ಮನುಷ್ಯರಲ್ಲಿ ಸಣ್ಣ ಮಟ್ಟದ ಅಧ್ಯಯನಗಳು ಆಗಿವೆ. ಟೀವಿ ಮಾತ್ರ ಅದನ್ನು ಕ್ಯಾನ್ಸರ್ ಮರುಕಳಿಸದ ಮಾತ್ರೆ ಅಂತ ಮಾರಿತು. ಆ ಮಾತಿಗೆ ಬೇಕಾದಷ್ಟು ದೊಡ್ಡ ಪರೀಕ್ಷೆ ಆ ಸುದ್ದಿಯ ಹಿಂದೆ ಇರಲಿಲ್ಲ. ನಿಮ್ಮ ಮನೆಯವರ ಚಿಕಿತ್ಸೆ ಅದಕ್ಕಾಗಿ ಒಂದು ದಿನವೂ ತಡ ಆಗಬಾರದು.

ತುಂಗಾತೀರ

ಇದುವರೆಗೆ ಔಷಧ ಕ್ರೊಮ್ಯಾಟಿನ್‌ಗೆ ಏನು ಮಾಡುತ್ತದೆ ಅಂತ ಮಾತಾಡಿದೆವು. ಕ್ರೊಮ್ಯಾಟಿನ್ ಔಷಧಕ್ಕೆ ತಿರುಗಿ ಏನು ಮಾಡುತ್ತದೆ? ರೆಸಿಸ್ಟೆನ್ಸ್ ಬರುವುದು ಮ್ಯುಟೇಶನ್‌ನಿಂದ ಅಂತಷ್ಟೇ ಕ್ಲಾಸಿನಲ್ಲಿ ಹೇಳಿದ್ದಾರೆ.

ಲ್ಯಾಬ್ ಬೆಂಚ್

ಮ್ಯುಟೇಶನ್ ಇಲ್ಲದೆಯೂ ಬರುತ್ತದೆ. 2010ರಲ್ಲಿ ಬಾಸ್ಟನ್ನಿನ ಜೆಫ್ ಸೆಟಲ್‌ಮನ್ ಅವರ ಗುಂಪು ಪಿಸಿ9 ಎಂಬ ಶ್ವಾಸಕೋಶ ಕ್ಯಾನ್ಸರ್ ಕೋಶಗಳಿಗೆ ಎರ್ಲೋಟಿನಿಬ್ ಹಾಕಿತು. ಅದು ಹಳೆಯ ಅರ್ಥದ ಕೀಮೋ ಅಲ್ಲ, ಗುರಿಯಿಟ್ಟು ಹೊಡೆಯುವ ಔಷಧ. ಬಹುಪಾಲು ಸತ್ತವು. ಶೇಕಡಾ 0.3ರಷ್ಟು ಸಾಯಲಿಲ್ಲ. ಔಷಧ ತೆಗೆದು ಬೆಳೆಸಿದರೆ ಅವುಗಳ ಮಕ್ಕಳು ಮತ್ತೆ ಔಷಧಕ್ಕೆ ಬಗ್ಗಿದವು! ಮ್ಯುಟೇಶನ್ ಆಗಿದ್ದರೆ ಹಾಗೆ ಹಿಂದಕ್ಕೆ ಹೋಗುತ್ತಿರಲಿಲ್ಲ. ಸಿಸ್‌ಪ್ಲಾಟಿನ್ ಹಾಕಿದಾಗಲೂ ಇಂಥ ತಡೆದುಕೊಳ್ಳುವ ಕೋಶಗಳು ಸಿಕ್ಕವು.

ಅವುಗಳಿಗೆ ಬೇಕಾಗಿದ್ದದ್ದು ಕೆಡಿಎಂ5ಎ ಎಂಬ ಕಿಣ್ವ. ಎಚ್3 ಹಿಸ್ಟೋನಿನ ನಾಲ್ಕನೇ ಲೈಸೀನ್ ಮೇಲಿನ ಮೀಥೈಲ್ ಗುರುತನ್ನು ಅದು ಅಳಿಸುತ್ತದೆ. ಕೋಶ ತನ್ನ ಕ್ರೊಮ್ಯಾಟಿನ್ ಬೇರೆ ಥರ ಜೋಡಿಸಿಕೊಂಡು, ನಿಧಾನಿಸಿ, ಔಷಧ ಹೋಗುವ ತನಕ ಕಾಯುತ್ತದೆ. ಹಿಸ್ಟೋನ್ ಮೇಲಿನ ಅಸಿಟೈಲ್ ಗುರುತು ಅಳಿಸುವ ಕಿಣ್ವ ಹಿಸ್ಟೋನ್ ಡಿಅಸಿಟೈಲೇಸ್, ಅದನ್ನು ತಡೆಯುವ ಔಷಧ ಹಾಕಿದರೆ ಆ ಕಾಯುವ ಕೋಶಗಳು ತಟ್ಟೆಯಲ್ಲಿ ಸತ್ತವು.

ಹಾಗಾದರೆ ಎಲ್ಲ ರೋಗಿಗಳಿಗೂ ಆ ಔಷಧ ಸೇರಿಸಿಬಿಡೋಣ ಅನಿಸುತ್ತದೆ ಅಲ್ವಾ? ನಡೆಯಲಿಲ್ಲ. ಅಂಥ ಒಂದು ಔಷಧ ವೊರಿನೊಸ್ಟ್ಯಾಟ್ 2006ರಲ್ಲಿ ಚರ್ಮದ ಟಿ ಕೋಶ ಲಿಂಫೋಮಾಗೆ ಒಪ್ಪಿಗೆ ಪಡೆಯಿತು, ಅಲ್ಲಿ ಉಪಯೋಗಕ್ಕೆ ಬರುತ್ತದೆ. ಗಟ್ಟಿ ಗಡ್ಡೆಗಳಲ್ಲಿ ಈ ಬಗೆಯ ಔಷಧಗಳು ಬಹುಮಟ್ಟಿಗೆ ನಿರಾಸೆ ತಂದವು. ಇಡೀ ದೇಹದ ಹಿಸ್ಟೋನ್ ಗುರುತುಗಳನ್ನು ಒಟ್ಟಿಗೆ ಅಲ್ಲಾಡಿಸಿದರೆ ರೋಗಿ ತಡೆದುಕೊಳ್ಳುವುದು ಕಷ್ಟ.

ಅಜಾಸಿಟಿಡಿನ್ ಕಥೆ ಹೆಚ್ಚು ಸಮಾಧಾನದ್ದು. 1960ರ ದಶಕದಲ್ಲಿ ಚೆಕೊಸ್ಲೊವಾಕಿಯಾದಲ್ಲಿ ತಯಾರಾದ ಔಷಧ. ಮೊದಲು ಜಾಸ್ತಿ ಡೋಸ್ ಕೊಟ್ಟು ಮಾಮೂಲಿ ಕೀಮೋ ಥರ ಬಳಸಿದರು, ರೋಗಿಗಳು ಸೋತರು. ಆಮೇಲೆ ಗೊತ್ತಾಯಿತು, ಕಡಿಮೆ ಡೋಸಿನಲ್ಲಿ ಅದು ಡಿಎನ್ಎಗೆ ಸೇರಿ ಡಿಎನ್ಎ ಮೇಲೆ ಮೀಥೈಲ್ ಗುರುತು ಹಾಕುವ ಡಿಎನ್ಎಂಟಿ1 ಕಿಣ್ವವನ್ನು ಅಂಟಿಸಿ ಹಿಡಿದು ಖಾಲಿ ಮಾಡುತ್ತದೆ, ಬಾಯಿ ಮುಚ್ಚಿಸಿದ್ದ ಜೀನ್‌ಗಳು ಮತ್ತೆ ತೆರೆಯುತ್ತವೆ. 2004ರಲ್ಲಿ ಮೂಳೆಮಜ್ಜೆಯ ಕಾಯಿಲೆಯಾದ ಮೈಲೋಡಿಸ್‌ಪ್ಲಾಸ್ಟಿಕ್ ಸಿಂಡ್ರೋಮ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದೇ ಅಣು, ಡೋಸ್ ಇಳಿಸಿದ ಮೇಲೆ ಅದರ ಕೆಲಸವೇ ಬೇರೆ.

ನರ್ಸಕ್ಕ

ಅಜಾಸಿಟಿಡಿನ್ ಚರ್ಮದ ಕೆಳಗೆ ಕೊಡುತ್ತೇವೆ, ಏಳು ದಿನ. ವಯಸ್ಸಾದವರೂ ತಡೆದುಕೊಳ್ಳುತ್ತಾರೆ.

ಎಟೊಪೊಸೈಡ್ ಹೃದಯಕ್ಕೆ ಪರವಾಗಿಲ್ಲ ಅಂತ ಮೇಲೆ ಬರೆದಿದ್ದೀರಿ. ಅದರಿಂದ ಆಮೇಲೆ ಲ್ಯುಕೇಮಿಯಾ ಬಂದ ಮಕ್ಕಳನ್ನು ನೋಡಿದ್ದೇನೆ. ಅದನ್ನೂ ಹೇಳಿ.

ಲ್ಯಾಬ್ ಬೆಂಚ್

ಹೇಳಲೇಬೇಕು. ಎಟೊಪೊಸೈಡ್‌ನಂಥ ಔಷಧ ಡಿಎನ್ಎ ಕಡಿದಾಗ 11ನೇ ಕ್ರೋಮೋಸೋಮಿನ ಕೆಎಂಟಿ2ಎ ಎಂಬ ಜೀನ್ ತುಂಡಾಗಿ ಬೇರೆ ಜೀನಿಗೆ ಅಂಟಿಕೊಳ್ಳುವುದುಂಟು. ಹಾಗಾದರೆ ಸಾಮಾನ್ಯವಾಗಿ ಒಂದರಿಂದ ಮೂರು ವರ್ಷದೊಳಗೆ ಹೊಸ ಲ್ಯುಕೇಮಿಯಾ ಬರಬಹುದು. ಅಪರೂಪ, ಆದರೆ ಚೆನ್ನಾಗಿ ಗೊತ್ತಿರುವ ಅಪಾಯ. ಡಾಕ್ಸೋ ಕುಟುಂಬದಲ್ಲೂ ಇದೆ.

ವಿಚಿತ್ರ ನೋಡಿ. ಕೆಎಂಟಿ2ಎ ಜೀನಿನ ಪ್ರೋಟೀನ್ ಸ್ವತಃ ಕ್ರೊಮ್ಯಾಟಿನ್ ಪ್ರೋಟೀನ್. ಮೇಲೆ ಹೇಳಿದೆನಲ್ಲ, ಎಚ್3ರ ನಾಲ್ಕನೇ ಲೈಸೀನ್, ಅದರ ಮೇಲೆ ಮೀಥೈಲ್ ಹಾಕುವುದು ಇದೇ. ಜೋಡಣೆ ತಪ್ಪಿದ ಪ್ರೋಟೀನ್ ಮೆನಿನ್ ಎಂಬ ಇನ್ನೊಂದು ಪ್ರೋಟೀನನ್ನು ಹಿಡಿದುಕೊಂಡು, ನಂದಿಸಬೇಕಾದ ಜೀನ್‌ಗಳನ್ನು ಉರಿಯುತ್ತಲೇ ಇಡುತ್ತದೆ. ಆ ಹಿಡಿತ ಬಿಡಿಸುವ ರೆವ್ಯುಮೆನಿಬ್ ಎಂಬ ಮಾತ್ರೆಗೆ 2024ರ ನವೆಂಬರಿನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ. ಈ ಜೀನ್ ತಿರುವುಮುರುವಾದ, ಮರುಕಳಿಸಿದ ಅಥವಾ ಚಿಕಿತ್ಸೆಗೆ ಬಗ್ಗದ ಅಕ್ಯೂಟ್ ಲ್ಯುಕೇಮಿಯಾಗೆ.

ಕೆಮಿಸ್ಟ್ರಿ ಮೇಷ್ಟ್ರು

ಕಡಿಯದೆ ಬರೀ ಕ್ರೊಮ್ಯಾಟಿನ್ ಕೆಡಿಸುವ ಅಣು ಬೇರೆ ಯಾವುದಾದರೂ ಇದೆಯೇ? ಅಕ್ಲಾರುಬಿಸಿನ್ ಬಿಟ್ಟು.

ಲ್ಯಾಬ್ ಬೆಂಚ್

ಇದೆ ಮೇಷ್ಟ್ರೇ, ಕ್ಯೂರಾಕ್ಸಿನ್‌ಗಳು. ಅಮೆರಿಕದ ಬಫಲೋದಲ್ಲಿರುವ ರಾಸ್‌ವೆಲ್ ಪಾರ್ಕ್ ಕೇಂದ್ರದ ಕತೆರಿನಾ ಗುರೋವಾ ಅವರ ಕೆಲಸ. ಸಿಬಿಎಲ್0137 ಎಂಬ ಅಣು ಡಿಎನ್ಎಗೆ ಸೇರಿದರೆ ನ್ಯೂಕ್ಲಿಯೋಸೋಮ್ ಸಡಿಲವಾಗುತ್ತದೆ, ಡಿಎನ್ಎ ತುಂಡಾಗುವುದಿಲ್ಲ. ಹಿಸ್ಟೋನ್‌ಗಳನ್ನು ಜೋಡಿಸಿ ಇಡುವ ಫ್ಯಾಕ್ಟ್ ಎಂಬ ಪ್ರೋಟೀನ್ ಜೋಡಿ ಆ ಸಡಿಲ ಜಾಗಕ್ಕೆ ಓಡಿ ಹೋಗಿ ಅಲ್ಲೇ ಸಿಕ್ಕಿಬೀಳುತ್ತದೆ. ಬೇರೆ ಕಡೆ ಬೇಕಾದಾಗ ಸಿಗುವುದಿಲ್ಲ. ರೋಗಿಗಳಲ್ಲಿ ಪರೀಕ್ಷೆಯ ಹಂತಕ್ಕೆ ಬಂದಿದೆ.

ತುಂಗಾತೀರ

ಎಲ್ಲರಿಗೂ ಥ್ಯಾಂಕ್ಸ್. ಸೆಮಿನಾರಿಗೆ ಬೇಕಾದ್ದಕ್ಕಿಂತ ಜಾಸ್ತಿ ಸಿಕ್ಕಿತು. ಇನ್ನೊಂದೇ ಪ್ರಶ್ನೆ. ನಮ್ಮ ಕಡೆ ಅಂಥ ಹೊಳೆಯುವ ಹಿಸ್ಟೋನ್, ಲೈವ್ ಮೈಕ್ರೋಸ್ಕೋಪ್ ಏನೂ ಇಲ್ಲ. ಪ್ರೋಟೀನ್ ಗುರುತಿಸುವ ವೆಸ್ಟರ್ನ್ ಬ್ಲಾಟ್ ಇದೆ, ಸಾಮಾನ್ಯ ಫ್ಲೋರೆಸೆನ್ಸ್ ಮೈಕ್ರೋಸ್ಕೋಪ್ ಇದೆ. ನನ್ನ ಕೋಶಗಳಲ್ಲಿ ಹಿಸ್ಟೋನ್ ಕಿತ್ತು ಬರುತ್ತಿದೆಯಾ ಅಂತ ಹೇಗೆ ನೋಡಲಿ?

ಲ್ಯಾಬ್ ಬೆಂಚ್

ಅಷ್ಟಿದ್ದರೆ ಸಾಕು. ಕೋಶ ಒಡೆದು ಕ್ರೊಮ್ಯಾಟಿನ್ ಭಾಗ ಬೇರೆ, ಕರಗುವ ಭಾಗ ಬೇರೆ ಮಾಡಿ. ಎರಡರಲ್ಲೂ ಎಚ್2ಎ ಮತ್ತು ಒಟ್ಟು ಎಚ್2ಎಎಕ್ಸ್ ಬ್ಲಾಟ್ ಮಾಡಿ. ಬರೀ ಗಾಮಾ ರೂಪ ಸಾಲದು. ಡಾಕ್ಸೋ ಡೋಸ್ ಏರಿದಂತೆ ಹಿಸ್ಟೋನ್ ಕರಗುವ ಭಾಗಕ್ಕೆ ಬರುತ್ತಿದ್ದರೆ ದಾರಿ ಸರಿಯಿದೆ. ಎಟೊಪೊಸೈಡ್ ಪಕ್ಕದಲ್ಲೇ ಓಡಿಸಿ, ಅದರಲ್ಲಿ ಬರಬಾರದು. ಡಿಎನ್ಎ ನಿಜಕ್ಕೂ ತುಂಡಾಗಿದೆಯಾ ಎಂಬುದಕ್ಕೆ ಹಿಸ್ಟೋನ್ ಅವಲಂಬಿಸದ ವಿಧಾನ ಬೇಕು. ನ್ಯೂಟ್ರಲ್ ಕಾಮೆಟ್ ಅಸ್ಸೆ ಮಾಡಿ, ಖರ್ಚು ಕಡಿಮೆ.

ಮೈಕ್ರೋಸ್ಕೋಪಿಗೆ ಕೂರುವ ಮೊದಲು ಒಂದು ಮಾತು. ಡಾಕ್ಸೋರುಬಿಸಿನ್ ತಾನೇ ಹೊಳೆಯುತ್ತದೆ. ಸುಮಾರು 480 ನ್ಯಾನೋಮೀಟರ್ ಬೆಳಕು ಕುಡಿದು 590ರ ಆಸುಪಾಸಿನಲ್ಲಿ ಕಿತ್ತಳೆ ಕೆಂಪು ಬಿಡುತ್ತದೆ, ಅದೂ ನ್ಯೂಕ್ಲಿಯಸ್ಸಿನಲ್ಲೇ. ಸೆಕೆಂಡರಿ ಆ್ಯಂಟಿಬಾಡಿಗೆ ಕೆಂಪು ಬಣ್ಣ ಇಟ್ಟರೆ ನೀವು ನೋಡುವುದು ಔಷಧವನ್ನು. ಹಸಿರಿಗೂ ಸ್ವಲ್ಪ ಸೋರುತ್ತದೆ. 647ರ ಫಾರ್ ರೆಡ್ ಬಣ್ಣ ತೆಗೆದುಕೊಳ್ಳಿ, ಆ್ಯಂಟಿಬಾಡಿ ಹಾಕದೆ ಬರೀ ಡಾಕ್ಸೋ ಹಾಕಿದ ಸ್ಲೈಡ್ ಒಂದನ್ನು ಪ್ರತಿ ಸಲ ಜೊತೆಗಿಡಿ.